ಟನ್ನಿಗೆ ಅರ್ಧ ಗ್ರಾಂ

ಸಾಂತಾಕ್ರೂಜ್ ಕಡೆ ಇಳಿಯುವ ಜೆಟ್ ವಿಮಾನಗಳ ಸದ್ದು ಮುಂಬಯಿಯ ನಮಗೆ ನಿತ್ಯದ್ದು. ಆ ಎಂಜಿನಿನೊಳಗೆ ಉರಿಯುವ ಅನಿಲಕ್ಕೆ ಎದುರಾಗಿ ತಿರುಗುವ ಅಲಗುಗಳನ್ನು ನಿಕ್ಕಲ್ ಪ್ರಧಾನವಾದ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಇದಕ್ಕೆ ಸೂಪರ್ ಅಲಾಯ್ ಎಂದು ಹೆಸರು. ಸುಮಾರು 1000 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ, ನಿಮಿಷಕ್ಕೆ ಸಾವಿರಾರು ಸುತ್ತಿನ ಎಳೆತವನ್ನು ಅಂಗೈಯಷ್ಟು ಅಲಗು ತಾಳಬೇಕು. ಅದು ಮುರಿದರೆ ಎಂಜಿನು ಹೋದಂತೆಯೇ.

ಇಂಥ ಲೋಹದಲ್ಲಿ ಸೀಸ ಟನ್ನಿಗೆ 5 ಗ್ರಾಂ, ಬಿಸ್ಮತ್ ಅರ್ಧ ಗ್ರಾಂ ಮೀರಕೂಡದೆಂಬ ಕಟ್ಟುನಿಟ್ಟಿನ ನಿಯಮಗಳುಂಟು. ಅರ್ಧ ಗ್ರಾಂ ಎಂದರೆ ನೂರು ಕಿಲೋದ ಹತ್ತು ಮೂಟೆ ಅಕ್ಕಿಯಲ್ಲಿ ಸುಮಾರು 25 ಕಾಳು. ಇಷ್ಟಕ್ಕೇ ಲೋಹ ಕೆಡುವುದೆಂತು?

ಕರಗಿದ ಲೋಹ ಆರುವಾಗ ಅಲ್ಲಲ್ಲಿ ಹರಳುಗಳು ಹುಟ್ಟಿ, ಬೆಳೆದು, ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಸೀಸ, ಬಿಸ್ಮತ್‌ಗಳ ಪರಮಾಣುಗಳು ದೊಡ್ಡವು. ನಿಕ್ಕಲ್ ಹರಳಿನೊಳಗೆ ಅವಕ್ಕೆ ಎಡೆಯಿಲ್ಲ. ಕೊನೆಗೆ ಗಟ್ಟಿಯಾಗುವ ದ್ರವದೊಡನೆ ಅವು ಹರಳಿನ ಅಂಚುಗಳಿಗೆ ತಳ್ಳಲ್ಪಡುತ್ತವೆ. ಇಡೀ ಟನ್ನಿನಲ್ಲಿ ಹಂಚಿದಾಗ ಲೆಕ್ಕಕ್ಕಿಲ್ಲದ ಕಶ್ಮಲ, ಆ ತೆಳು ಅಂಚಿನಲ್ಲಿ ದಟ್ಟವಾಗುತ್ತದೆ. ಕಾವು ಮತ್ತು ಎಳೆತ ಸೇರಿದಾಗ ಅಲ್ಲಿ ಸಣ್ಣ ಟೊಳ್ಳುಗಳು ಮೂಡಿ, ಕೂಡಿಕೊಂಡು, ಬಿರುಕಾಗುತ್ತವೆ. ಅಲಗು ಹಿಗ್ಗಿ ಮುನ್ಸೂಚನೆ ಕೊಡುವ ಮೊದಲೇ ಮುರಿಯುತ್ತದೆ.

ಈ ಬಿಸ್ಮತ್ ಬರುವ ಒಂದು ದಾರಿ ವಿಚಿತ್ರವಾದುದು. ಅಲಗನ್ನು ಯಂತ್ರದಲ್ಲಿ ಅರೆಯುವಾಗ ಅಲುಗದಂತೆ, ಬಿಸ್ಮತ್ ಬೆರೆತ ಬೇಗ ಕರಗುವ ಲೋಹದಲ್ಲಿ ಹುದುಗಿಸುವ ಪದ್ಧತಿಯುಂಟು. ಕೆಟ್ಟ ಅಲಗನ್ನು ಸರಿಯಾಗಿ ತೊಳೆಯದೆ ಮತ್ತೆ ಮೂಸೆಗೆ ಹಾಕಿದರೆ ಅದೂ ಒಳಸೇರಿತು! ನಿರ್ವಾತದ ಕುಲುಮೆಯಲ್ಲಿ ಕರಗಿಸಿದರೆ ಸೀಸ, ಬಿಸ್ಮತ್‌ಗಳು ಬಹುಪಾಲು ಆವಿಯಾಗಿ ಹೋಗುತ್ತವೆ. ಗಂಧಕ ಹಾಗೆ ಸುಲಭವಾಗಿ ಬಿಡುವುದಲ್ಲ.

ಆದರೆ ಅಂಚಿಗೆ ಹೋಗುವುದೆಲ್ಲ ಕೇಡೆನ್ನಲಾಗದು. ಒಂದೇ ಮಿಶ್ರಲೋಹ ಬೇರೆ ಬೇರೆ ಮೂಸೆಗಳಲ್ಲಿ ಕರಗಿದಾಗ ಬಾಳಿಕೆ ಬೇರೆಯಾಗುವುದನ್ನು 1950ರ ದಶಕದಲ್ಲಿ ಅಮೆರಿಕದ ಡೆಕರ್, ಫ್ರೀಮನ್ ಮೊದಲಾದವರು ಪರೀಕ್ಷಿಸಿದರು. ಮೂಸೆಯ ಗೋಡೆಯಿಂದ ಇಳಿದ ಬೋರಾನ್, ಜಿರ್ಕೋನಿಯಂ ಲೇಶಗಳೇ ಲೋಹವನ್ನು ಗಟ್ಟಿಗೊಳಿಸಿದ್ದವು. ಅವನ್ನು ಈಗ ಅಳೆದೇ ಹಾಕುತ್ತಾರೆ.

ಅಂಚೇ ಇಲ್ಲದಂತೆ ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸುವುದೂ ಸಾಧ್ಯ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯವು ಇಂಥ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನಿಗಾಗಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಗೆ ಒದಗಿಸಿದೆಯೆಂದು 2021ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಗಂಧಕದ ಕಾಟ ತಪ್ಪಿಲ್ಲ: ಟನ್ನಿಗೆ ಕೆಲವೇ ಗ್ರಾಂ ಇದ್ದರೂ ಅದು ಮೇಲ್ಮೈಗೆ ಬಂದು, ಅಲಗನ್ನು ಕಾಯುವ ಆಕ್ಸೈಡಿನ ಪೊರೆಯನ್ನು ಸಡಿಲಿಸಿ ಕಳಚುತ್ತದೆ.