ಹಿಮೋಫಿಲಿಯಾ: ಜೀನ್ ಪರೀಕ್ಷೆಯ ಖರ್ಚು ಯಾರಿಂದ ಶುರುವಾಗಬೇಕು?

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ಹುಟ್ಟಿನಿಂದಲೇ ಕಡಿಮೆಯಿರುವ ಕಾಯಿಲೆ ಹಿಮೋಫಿಲಿಯಾ. ಫ್ಯಾಕ್ಟರ್ 8 ಕೊರತೆಯಾದರೆ ‘ಎ’ ಬಗೆ, ಫ್ಯಾಕ್ಟರ್ 9 ಆದರೆ ‘ಬಿ’. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬರಿಗೆ ‘ಎ’ ಇರುತ್ತದೆ. ಎರಡರ ಜೀನೂ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹಾಗಾಗಿ ಸೋದರಮಾವನಿಗಿದ್ದದ್ದು ಅಕ್ಕತಂಗಿಯರ ಮೂಲಕ ಸೋದರಳಿಯನಿಗೆ ಬರುತ್ತದೆ. ಅಳಿಯಸಂತಾನದ ಆಸ್ತಿ ಕಂಡ ಉಡುಪಿ ಸೀಮೆಗೆ ಈ ದಾರಿ ಗೊತ್ತಿದ್ದದ್ದೇ. ಕಾಯಿಲೆಯಿರುವ ಗಂಡಸಿನಿಂದ ಗಂಡುಮಕ್ಕಳಿಗೆ ಏನೂ ಹೋಗುವುದಿಲ್ಲ. ಅವನ ಹೆಣ್ಣುಮಕ್ಕಳೆಲ್ಲರೂ ವಾಹಕರು, ಅಂದರೆ ದೋಷವಿರುವ ಜೀನನ್ನು ಹೊತ್ತವರು. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಕಾಯಿಲೆ ಇದ್ದಿರುವುದಿಲ್ಲ.

ಇಂಥ ಮನೆತನದಲ್ಲಿ ಮದುವೆ ನಿಶ್ಚಯವಾದಾಗ ಹುಡುಗಿಯನ್ನೇ ಮೊದಲು ಲ್ಯಾಬಿಗೆ ಕಳಿಸುವುದು ರೂಢಿ. ದುಡ್ಡು ದಂಡವಾಗುವುದು ಇಲ್ಲಿಯೇ. ವಾಹಕಳ ಫ್ಯಾಕ್ಟರ್ ಮಟ್ಟ ಸರಿಯಾಗಿಯೇ ಇರಬಹುದು. ಮನೆತನದ ದೋಷ ಯಾವುದೆಂದು ತಿಳಿಯದೆ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ ‘ಏನೂ ಇಲ್ಲ’ ಎಂದು ಬಂದರೂ ನಂಬುವಂತಿಲ್ಲ. ಮೊದಲ ರಕ್ತ ಕಾಯಿಲೆಯಿರುವವರದ್ದೇ ಆಗಬೇಕು: ಮೊದಲು ಎಪಿಟಿಟಿ (ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಪರೀಕ್ಷೆ), ಆಮೇಲೆ ಫ್ಯಾಕ್ಟರ್ ಮಟ್ಟ, ಕೊನೆಗೆ ಜೀನ್.

ಜೀನ್ ಪರೀಕ್ಷೆಯಲ್ಲೂ ಒಂದು ಕ್ರಮವಿದೆ. ತೀವ್ರ ‘ಎ’ ಬಗೆಯ ಸುಮಾರು ಶೇಕಡಾ 45ರಷ್ಟು ರೋಗಿಗಳಲ್ಲಿ ಜೀನಿನ ಒಂದು ತುಂಡು ತಿರುಗಿ ಕೂತಿರುತ್ತದೆ. ಇದೇ ಇಂಟ್ರಾನ್ 22 ಇನ್ವರ್ಶನ್. ದುಬಾರಿ ಎಕ್ಸೋಮ್ ಪರೀಕ್ಷೆಗೆ ಇದು ಸಾಮಾನ್ಯವಾಗಿ ಕಾಣುವುದೇ ಇಲ್ಲ, ಇದಕ್ಕೆಂದೇ ಇರುವ ಪಿಸಿಆರ್‌ನಲ್ಲಿ ಸಿಗುತ್ತದೆ. ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ. ಪರೀಕ್ಷೆ ಬರೆಸುವ ಮುನ್ನ ಅಂಥಲ್ಲಿ ಕೌನ್ಸೆಲಿಂಗಿಗೆ ಕೊಡುವ ಫೀಸು ನಷ್ಟದ ಬಾಬತ್ತಲ್ಲ.

ಅಂಕಣಕಾರರ ತಾಯಿಯ ಕಡೆ, ಉದ್ಯಾವರದಲ್ಲಿ, ಮೊಣಕಾಲು ಮಡಚಲಾಗದ ದೊಡ್ಡಮಾವನ ರಿಪೋರ್ಟಿನಲ್ಲಿ ಈ ಇನ್ವರ್ಶನ್ ಸಿಕ್ಕಿತು. ಅವರ ತಂಗಿಗೂ ತಂಗಿಯ ಮಗಳಿಗೂ ಮಾಡಿಸಿದ್ದು ಅದೊಂದೇ ಪಿಸಿಆರ್. ಮೊದಲ ಬಿಲ್ಲನ್ನು ಮೂರು ಮನೆಯವರು ಹಂಚಿಕೊಂಡರು. ರಿಪೋರ್ಟಿನ ಅಸಲು ಪ್ರತಿ ಯಾರ ಕಪಾಟಿನಲ್ಲಿರಬೇಕು ಎಂಬುದಕ್ಕೆ ಮಾತ್ರ ಸ್ವಲ್ಪ ಮುನಿಸಾಗಿ, ಜೆರಾಕ್ಸಿನಲ್ಲಿ ರಾಜಿಯಾಯಿತು.

ಆಸ್ಪತ್ರೆಗೆ ಸೇರದೆ ಮಾಡಿಸಿದ ಪರೀಕ್ಷೆಗೆ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಚಿಕಿತ್ಸೆಯ ಮಾತು ಬೇರೆ: ಆನುವಂಶಿಕ ಕಾಯಿಲೆ ಎಂಬ ಕಾರಣಕ್ಕೇ ಅದನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಹೇಳಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗಬಹುದು. ಫ್ಯಾಕ್ಟರ್ ಇಂಜೆಕ್ಷನ್ನಿಗೆ ಮೊದಲು ವಿಚಾರಿಸಬೇಕಾದ್ದು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ. ದಾರಿ ಹೇಳಲು ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ ಸೇರಿರುವುದರಿಂದ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮು ಹಿಮೋಫಿಲಿಯಾ ಚಿಕಿತ್ಸೆಗೆ 40,000 ರೂಪಾಯಿವರೆಗೆ ಕಡಿತ ಕೊಟ್ಟಿದೆ. ರೋಗಿ ಹಿರಿಯ ನಾಗರಿಕರಾದರೆ ಒಂದು ಲಕ್ಷ. ತಜ್ಞ ವೈದ್ಯರ ಚೀಟಿ ಬೇಕು, ವಿಮೆಯಿಂದ ಬಂದ ಹಣವನ್ನು ಕಳೆಯಬೇಕು. ವಾಹಕಳಾದ ತಂಗಿಯ ಪರೀಕ್ಷೆಯ ಬಿಲ್ಲನ್ನು ಇದರೊಳಗೆ ತುರುಕದಿರುವುದೇ ಲೇಸು. ಕಲಮು ಹೇಳುವುದು ಚಿಕಿತ್ಸೆಯ ಖರ್ಚನ್ನು.