ರೆಸಿನ್ ಲೇಪಿತ ಮರಳು: ತೆಳು ಕವಚದ ಲೆಕ್ಕಾಚಾರ

ಒಂದು ವಸ್ತು ತಿರುಳಾಗಿ, ಇನ್ನೊಂದು ಅದರ ಸುತ್ತ ಕವಚವಾಗಿರುವ ಕಣಗಳನ್ನು ತಿರುಳು-ಕವಚ ಸಂಯುಕ್ತ ಕಣಗಳೆನ್ನುತ್ತಾರೆ. ಬೆಳಗಾವಿಯಂತಹ ಎರಕದ ಕೇಂದ್ರಗಳಿಗೆ ಪರಿಚಿತವಾದ ರೆಸಿನ್ ಲೇಪಿತ ಮರಳು ಈ ವರ್ಗಕ್ಕೆ ಸೇರಿದುದು. ಇಲ್ಲಿ ತಿರುಳು ಸಿಲಿಕಾ ಮರಳು; ಕವಚವು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದಾದ ನೊವೊಲ್ಯಾಕ್ ಎಂಬ ಪಾಲಿಮರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಯೋಹಾನೆಸ್ ಕ್ರೋನಿಂಗ್ ರೂಪಿಸಿದ ಶೆಲ್ ಮೋಲ್ಡಿಂಗ್ ವಿಧಾನದಲ್ಲಿ ಇಂದು ಈ ಮರಳೇ ಬಳಕೆಯಲ್ಲಿದೆ.

ತಯಾರಿಕೆಯ ಕ್ರಮ

ಒಣ ಮರಳನ್ನು ಸುಮಾರು 130ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮಿಕ್ಸರ್‌ನಲ್ಲಿ ರೆಸಿನ್ ಬೆರೆಸಲಾಗುತ್ತದೆ. ರೆಸಿನ್ ಕರಗಿ ಪ್ರತಿ ಕಣದ ಮೇಲೂ ಹರಡುತ್ತದೆ. ಬಳಿಕ ನೀರಿನಲ್ಲಿ ಕರಗಿಸಿದ ಹೆಕ್ಸಮಿನ್ ಸೇರಿಸುತ್ತಾರೆ. ನೀರು ಆವಿಯಾಗುತ್ತ ಮರಳನ್ನು ತಣಿಸುವುದರಿಂದ ರಾಸಾಯನಿಕ ಕ್ರಿಯೆ ಅಲ್ಲಿಯೇ ಪೂರ್ಣಗೊಳ್ಳುವುದಿಲ್ಲ. ಕೊನೆಗೆ ಹಾಕುವ ಕ್ಯಾಲ್ಸಿಯಂ ಸ್ಟಿಯರೇಟ್ ಕಣಗಳು ಗಂಟುಕಟ್ಟದಂತೆ ತಡೆಯುತ್ತದೆ. ಈ ಮರಳನ್ನು 200 ಡಿಗ್ರಿಗಿಂತ ಹೆಚ್ಚು ಕಾದ ಲೋಹದ ಪ್ಯಾಟರ್ನ್ ಮೇಲೆ ಸುರಿದಾಗ ಹೆಕ್ಸಮಿನ್ ವಿಘಟನೆಗೊಂಡು, ಕವಚಗಳು ಪರಸ್ಪರ ಬೆಸೆದು, ಅಚ್ಚು ಗಟ್ಟಿಯಾಗುತ್ತದೆ.

ವೆಚ್ಚದ ಮರ್ಮ

ರೆಸಿನ್‌ನ ಪ್ರಮಾಣ ಸಾಮಾನ್ಯವಾಗಿ ಮರಳಿನ ತೂಕದ ಶೇ. 2ರಿಂದ 5ರಷ್ಟು ಮಾತ್ರ. ಆದರೆ ಮರಳಿಗಿಂತ ಅದು ಬಹಳ ದುಬಾರಿ. ದಿನಕ್ಕೆ 10 ಟನ್ ಮರಳು ಲೇಪಿಸುವ ಘಟಕವು ಶೇ. 3ರ ಬದಲು 3.5ರಷ್ಟು ರೆಸಿನ್ ಬಳಸಿತೆನ್ನಿ. ದಿನಕ್ಕೆ 50 ಕಿಲೋ, 300 ಕೆಲಸದ ದಿನಗಳಲ್ಲಿ 15,000 ಕಿಲೋ ರೆಸಿನ್ ಹೆಚ್ಚುವರಿಯಾಗಿ ಖರ್ಚಾಗುತ್ತದೆ. ನಷ್ಟ ಇಷ್ಟಕ್ಕೇ ನಿಲ್ಲದು. ಅಧಿಕ ರೆಸಿನ್ ದ್ರವಲೋಹದ ತಾಪಕ್ಕೆ ಸುಟ್ಟು ಅನಿಲವಾಗಿ, ಎರಕದಲ್ಲಿ ಗಾಳಿರಂಧ್ರಗಳು ಮೂಡಿ ಮಾಲು ತಿರಸ್ಕೃತವಾಗಬಹುದು. ರೆಸಿನ್ ತೀರ ಕಡಿಮೆಯಾದರೆ ಅಚ್ಚೇ ಒಡೆಯುತ್ತದೆ.

ಮರಳಿನ ಆಯ್ಕೆಯೂ ಮುಖ್ಯ. ಕಣದ ವ್ಯಾಸ ಅರ್ಧಕ್ಕಿಳಿದರೆ ಅಷ್ಟೇ ತೂಕದ ಮರಳಿನ ಮೇಲ್ಮೈ ಇಮ್ಮಡಿಯಾಗುತ್ತದೆ. ಲೇಪನಕ್ಕೆ ಬೇಕಾದ ರೆಸಿನ್ ಸಹ ಹೆಚ್ಚುತ್ತದೆ. ಅಗ್ಗವೆಂದು ಧೂಳು ಬೆರೆತ ಮರಳು ಕೊಂಡವರು ಅಲ್ಲಿ ಉಳಿಸಿದ ಹಣವನ್ನು ರೆಸಿನ್‌ಗೆ ತೆರಬೇಕಾಗುತ್ತದೆ.

ನಿಯಂತ್ರಣ

ಲೇಪಿತ ಮರಳಿನ ಮಾದರಿಯನ್ನು ತೂಗಿ, ಕುಲುಮೆಯಲ್ಲಿ ಪೂರ್ತಿ ಸುಟ್ಟು, ಮತ್ತೆ ತೂಗಬೇಕು. ಕಡಿಮೆಯಾದ ತೂಕವು ಲೇಪನದ ಪ್ರಮಾಣವನ್ನು ಸೂಚಿಸುತ್ತದೆ. ಪ್ರತಿ ಬ್ಯಾಚಿನ ಈ ಅಂಕಿಯನ್ನು ರೆಸಿನ್ ದಾಸ್ತಾನು ಪುಸ್ತಕದೊಡನೆಯೂ ತಿರಸ್ಕೃತ ಎರಕಗಳ ದಾಖಲೆಯೊಡನೆಯೂ ತಾಳೆ ನೋಡುವುದು ಅವಶ್ಯ. ಸಿದ್ಧ ಮರಳು ಕೊಳ್ಳುವವರು ಖರೀದಿ ಆದೇಶದಲ್ಲಿಯೇ ಇದರ ಮಿತಿಯನ್ನು ನಮೂದಿಸುವುದು ಕ್ಷೇಮ. ಕಣ್ಣಿಗೆ ಕಾಣದಷ್ಟು ತೆಳುವಾದ ಈ ಕವಚವು ವರ್ಷಾಂತ್ಯದ ಲಾಭ-ನಷ್ಟದ ತಃಖ್ತೆಯಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.