ಹಳೆಯ ಎಂ3ಗೆ ಯಾವ ಆಯಿಲ್?

ಬಿಎಂಡಬ್ಲ್ಯೂ ಎಂ3 ಕಾರಿನ ಇ46 ತಲೆಮಾರು 2006ರಲ್ಲಿ ನಿಂತಿತು. ಅಂಥದೊಂದು ನಿಮ್ಮಲ್ಲಿದ್ದರೆ, ಅಥವಾ ಕೊಳ್ಳುವ ಆಸೆಯಿದ್ದರೆ, ದಯವಿಟ್ಟು ಆಯಿಲ್ ವಿಷಯದಲ್ಲಿ ಉಳಿತಾಯ ನೋಡಬೇಡಿ.

ಅದರ 3.2 ಲೀಟರ್, ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ ಸುಮಾರು 8,000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಕ್ರ್ಯಾಂಕ್‌ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಆಯಿಲಿನ ತೆಳುಪದರ ಮಾತ್ರ. ಅದು ಹರಿದರೆ ಲೋಹ ಲೋಹವನ್ನೇ ಉಜ್ಜುತ್ತದೆ. ಮೊದಲ ವರ್ಷಗಳ ಕಾರುಗಳಲ್ಲಿ ರಾಡ್ ಬೇರಿಂಗ್‌ಗಳು ಹಾಳಾಗಿ, ಕಂಪನಿಯೇ ಅವನ್ನು ಬದಲಿಸಿಕೊಟ್ಟಿತ್ತು. ಈ ಎಂಜಿನ್‌ಗೆ ಕಂಪನಿ ಗೊತ್ತುಮಾಡಿದ್ದು 10ಡಬ್ಲ್ಯೂ-60 ಸಿಂಥೆಟಿಕ್ ಆಯಿಲ್. ಕೊನೆಯ ಅಂಕಿ ಹೆಚ್ಚಿದಷ್ಟೂ ಕಾದ ಎಂಜಿನ್‌ನಲ್ಲಿ ಆಯಿಲ್ ಹೆಚ್ಚು ಮಂದವಾಗಿ ಉಳಿಯುತ್ತದೆ.

ಹಾಗೆಂದು ಇದೇ ತಲೆಮಾರಿನ 330ಐಗೆ ಅದನ್ನೇ ಸುರಿಯಬೇಡಿ. ಅದರ ಎಂಜಿನ್ ಬೇರೆ, ಅದಕ್ಕೆ ಬೇಕಾದ ಆಯಿಲೂ ಬೇರೆ. ಮಂದವಾದಷ್ಟೂ ಒಳ್ಳೆಯದು ಎಂಬ ಮಾತು ನಂಬಬೇಡಿ. ಕಾರಿನ ಕೈಪಿಡಿಯನ್ನು ನಂಬಿ.

ಮಂದ ಆಯಿಲ್ ಕಾಯಲು ಹೊತ್ತು ಬೇಕು. ಎಂ3ಯ ಆರ್‌ಪಿಎಂ ಮೀಟರಿನಲ್ಲಿ ಅದಕ್ಕೆಂದೇ ಕಿತ್ತಳೆ ದೀಪಗಳಿವೆ. ಎಂಜಿನ್ ಬಿಸಿಯಾದಂತೆ ಒಂದೊಂದಾಗಿ ಆರುತ್ತವೆ. ಅವು ಆರುವವರೆಗೆ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ.

ಕಾರು ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಸಣ್ಣ ಓಡಾಟಗಳಲ್ಲಿ ತೇವವೂ ಪೆಟ್ರೋಲೂ ಆಯಿಲಿಗೆ ಸೇರಿ ಅದರ ಶಕ್ತಿ ಕುಂದುತ್ತದೆ. ಆಗಾಗ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ, ಕಡಿಮೆಯಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿಸಿ. ಬೇರಿಂಗ್ ಬದಲಿಸುವ ಖರ್ಚಿನ ಮುಂದೆ ಒಳ್ಳೆಯ ಆಯಿಲಿನ ಬೆಲೆ ಏನೇನೂ ಅಲ್ಲ.